ಕುಪ್ಪಳಿಯ ಮನೆ: ಜೀರ್ಣೋದ್ಧಾರ ಮತ್ತು ಕಥನ

ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿರುವ 'ಕವಿಮನೆ' ಇಂದು ಕನ್ನಡ ಸಾಹಿತ್ಯದ ಓದುಗರಿಗೆ ಒಂದು ಯಾತ್ರಾಸ್ಥಳವೇ ಆಗಿದೆ. ಕುವೆಂಪು ಅವರು ಹುಟ್ಟಿದ್ದು 1904ರಲ್ಲಿ, ತಾಯಿಯ ತವರಾದ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಾದರೂ ಅವರ ಬಾಲ್ಯ ರೂಪುಗೊಂಡದ್ದು ಕುಪ್ಪಳಿಯ ಈ ತೊಟ್ಟಿಮನೆಯಲ್ಲಿ. ಕಾಲಾಂತರದಲ್ಲಿ ಶಿಥಿಲಗೊಂಡಿದ್ದ ಈ ಮನೆಯನ್ನು ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನವು ಜೀರ್ಣೋದ್ಧಾರಗೊಳಿಸಿ ವಸ್ತುಸಂಗ್ರಹಾಲಯವನ್ನಾಗಿ ರೂಪಿಸಿದೆ. ಹೀಗೆ ಉಳಿಸಿಕೊಂಡ ಮನೆ ಯಾವ ಮಲೆನಾಡನ್ನು ನೆನಪಿಸುತ್ತದೆ, ಕುವೆಂಪು ಅವರ ಕಾದಂಬರಿಗಳು ಯಾವ ಮಲೆನಾಡನ್ನು ನೆನಪಿಸುತ್ತವೆ ಎಂಬ ಪ್ರಶ್ನೆಯನ್ನು ಪ್ರಸ್ತುತ ಲೇಖನವು ಪರಿಶೀಲಿಸುತ್ತದೆ.

'ಜೀರ್ಣೋದ್ಧಾರ' ಕನ್ನಡಕ್ಕೆ ಹೊಸ ಪದವಲ್ಲ. ದೇವಾಲಯ, ಬಸದಿಗಳಿಗೆ ದತ್ತಿ ಬಿಟ್ಟ ಶಾಸನಗಳಲ್ಲಿ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಪರಿಭಾಷೆ ಮತ್ತೆ ಮತ್ತೆ ಬರುತ್ತದೆ. ಒಡೆದದ್ದನ್ನು, ಬಿರಿದದ್ದನ್ನು, ಹಳತಾದದ್ದನ್ನು ಸರಿಪಡಿಸಲು ಭೂಮಿಯ ಆದಾಯವನ್ನು ಮೀಸಲಿಡುವ ಕ್ರಮವದು. ಅಲ್ಲಿ ದುರಸ್ತಿಯೆಂಬುದು ಬಳಕೆಯ ಒಂದು ಅಂಗ. ಕಟ್ಟಡದಲ್ಲಿ ನಿತ್ಯದ ಪೂಜೆ, ವಸತಿ, ದಾಸೋಹ ನಡೆಯುತ್ತಿರುವಾಗಲೇ ಅದರ ಉದ್ಧಾರವೂ ನಡೆಯುತ್ತದೆ. ಸ್ಮಾರಕವಾಗುವ ಮನೆಯ ಜೀರ್ಣೋದ್ಧಾರವಾದರೋ ವಾಸ ನಿಂತ ಮೇಲೆ ಆರಂಭವಾಗುವಂಥದು. ಬದುಕು ಹೊರಟುಹೋದ ಜಾಗದಲ್ಲಿ ಬದುಕಿನ ಕುರುಹುಗಳನ್ನು ನಿಲ್ಲಿಸುವುದೇ ಅದರ ಕೆಲಸ. ಆದ್ದರಿಂದ ಅಲ್ಲಿ ಆಯ್ಕೆ ಅನಿವಾರ್ಯವಾಗುತ್ತದೆ.

ಮೊದಲ ಆಯ್ಕೆ ಕಾಲದ್ದು. ಸ್ಮಾರಕಗಳ ಸಂರಕ್ಷಣೆಗೆ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ 1964ರ ವೆನಿಸ್ ಸನ್ನದು ಎರಡು ಮಾತುಗಳನ್ನು ಸ್ಪಷ್ಟಪಡಿಸುತ್ತದೆ: ಊಹೆ ಎಲ್ಲಿ ಆರಂಭವಾಗುತ್ತದೆಯೋ ಅಲ್ಲಿ ಜೀರ್ಣೋದ್ಧಾರ ನಿಲ್ಲಬೇಕು, ಕಟ್ಟಡಕ್ಕೆ ಬೇರೆ ಬೇರೆ ಕಾಲಗಳು ನೀಡಿದ ಕೊಡುಗೆಗಳನ್ನೆಲ್ಲ ಗೌರವಿಸಬೇಕು. ಮಲೆನಾಡಿನ ಮನೆಗೆ ಇದನ್ನು ಅನ್ವಯಿಸಿದಾಗ ತೊಡಕು ಕಾಣುತ್ತದೆ. ಇಂದು ಮಲೆನಾಡಿನ ಮನೆಯ ಗುರುತೇ ಆಗಿರುವ ಮಂಗಳೂರು ಹೆಂಚು, ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಹರಡಿದ್ದು. ಅದಕ್ಕೂ ಹಿಂದಿನ ಹುಲ್ಲು, ಸೋಗೆಯ ಮಾಡುಗಳು ಉಳಿಯುವ ವಸ್ತುಗಳಲ್ಲ. ಹೀಗಾಗಿ 'ಪಾರಂಪರಿಕ' ಎಂದು ಕರೆಯುವ ರೂಪವೂ ಇತಿಹಾಸದ ಒಂದು ಘಟ್ಟವೇ ಹೊರತು ಅನಾದಿಯಲ್ಲ.

ಎರಡನೆಯ ಆಯ್ಕೆ ಇದಕ್ಕಿಂತ ಗಹನವಾದುದು. ಅದು ಯಾರ ನೆನಪು ಉಳಿಯುತ್ತದೆ ಎಂಬುದಕ್ಕೆ ಸಂಬಂಧಿಸಿದ್ದು. ಕುಪ್ಪಳಿಯ ಮನೆ ಭೂಮಾಲೀಕ ಒಕ್ಕಲಿಗ ಅವಿಭಕ್ತ ಕುಟುಂಬವೊಂದರ ಮನೆ. ದಪ್ಪ ಮರದ ಕಂಬಗಳು, ನಡುವಿನ ತೊಟ್ಟಿ, ಜಗಲಿ, ಉಪ್ಪರಿಗೆ ಇವೆಲ್ಲ ಆ ಕುಟುಂಬದ ಸ್ಥಾನಮಾನವನ್ನೂ ಹೇಳುತ್ತವೆ. 'ಕಾನೂರು ಹೆಗ್ಗಡಿತಿ' (1936) ಇಂಥದೇ ದೊಡ್ಡ ಮನೆಯನ್ನು ಕೇಂದ್ರದಲ್ಲಿಟ್ಟುಕೊಂಡು ಅದು ಹಿಸ್ಸೆಯಾಗಿ ಒಡೆಯುವುದನ್ನು ಚಿತ್ರಿಸುತ್ತದೆ. ಕಾದಂಬರಿಯ ಮನೆ ಗಟ್ಟಿಯಾಗಿ ನಿಂತ ಮನೆಯಲ್ಲ, ಬಿರುಕು ಬಿಡುತ್ತಿರುವ ಮನೆ. ಜೀರ್ಣೋದ್ಧಾರ ಕಂಬ, ತೊಲೆಗಳನ್ನು ಸರಿಪಡಿಸಬಲ್ಲುದು. ಆದರೆ ಈ ಬಿರುಕು ಕಥನದಲ್ಲಿ ಮಾತ್ರ ಉಳಿದಿದೆ.

'ಮಲೆಗಳಲ್ಲಿ ಮದುಮಗಳು' (1967) ಇನ್ನೂ ಮುಂದೆ ಹೋಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡನ್ನು ನಿರೂಪಿಸುವ ಈ ಕಾದಂಬರಿಯಲ್ಲಿ ಹೆಗ್ಗಡೆಗಳ ಮನೆಗಳಷ್ಟೇ ಮಹತ್ವ ಹೊಲಗೇರಿಯ ಗುಡಿಸಲಿಗೂ ಘಟ್ಟದ ಕೆಳಗಿನಿಂದ ಬಂದ ಆಳುಗಳ ಬಿಡಾರಕ್ಕೂ ಇದೆ. ಗುತ್ತಿ ಮತ್ತು ತಿಮ್ಮಿ, ಐತ ಮತ್ತು ಪೀಂಚಲು ಇವರ ಪ್ರೇಮ, ಭಯ, ಹಸಿವುಗಳಿಗೆ ಜಗಲಿಯ ಮೇಲೆ ಕುಳಿತವರ ಬದುಕಿನಷ್ಟೇ ಘನತೆ ದೊರೆತಿದೆ. ಆದರೆ ಮಣ್ಣು, ಬಿದಿರು, ಹುಲ್ಲಿನ ಆ ಬಿಡಾರಗಳು ಯಾವ ಜೀರ್ಣೋದ್ಧಾರಕ್ಕೂ ಸಿಗುವಂಥವಲ್ಲ. ಭೂಸುಧಾರಣಾ ಕಾಯ್ದೆಗೆ 1974ರಲ್ಲಿ ಜಾರಿಯಾದ ತಿದ್ದುಪಡಿ, 1976ರ ಜೀತಪದ್ಧತಿ ನಿರ್ಮೂಲನಾ ಕಾಯ್ದೆಗಳು ಆ ಸಂಬಂಧಗಳ ಕಾನೂನಿನ ಆಧಾರವನ್ನು ತೆಗೆದುಹಾಕಿದವು. ಶೋಷಣೆಯ ವ್ಯವಸ್ಥೆ ಅಳಿಯಬೇಕಾದುದೇ. ಅದರೊಂದಿಗೆ ಅದನ್ನು ಅನುಭವಿಸಿದವರ ನೆನಪೂ ಅಳಿಯಬೇಕಾಗಿಲ್ಲ.

ಇದರಿಂದ ಸಂಶೋಧನೆಗೆ ಎರಡು ಎಚ್ಚರಗಳು ದೊರೆಯುತ್ತವೆ. ಒಂದು, ಕಾದಂಬರಿಯನ್ನು ಮನೆಯ ನಕ್ಷೆಯಾಗಿ ಓದಬಾರದು. ಕಾನೂರು, ಸಿಂಬಾವಿಗಳು ಕಲ್ಪನೆಯಿಂದ ಪುನಾರಚನೆಗೊಂಡ ಲೋಕಗಳು. ಇನ್ನೊಂದು, ಉಳಿದ ಮನೆಯನ್ನೇ ಕೃತಿಗಳ ಪ್ರಮಾಣವೆಂದು ಭಾವಿಸಬಾರದು. ಉಳಿಯುವ ಶಕ್ತಿಯುಳ್ಳ ಕಟ್ಟಡಗಳು ಮಾತ್ರ ಉಳಿದಿರುತ್ತವೆ. ಕವಿಮನೆಯಲ್ಲಿ ಪ್ರದರ್ಶಿತವಾಗಿರುವ ಗೃಹಬಳಕೆಯ ಪರಿಕರಗಳನ್ನು ನೋಡುವಾಗ ಅವುಗಳನ್ನು ಮಾಡಿದವರು, ತೊಳೆದವರು, ಮುಟ್ಟಲು ಅವಕಾಶವಿಲ್ಲದಿದ್ದವರು ಯಾರು ಎಂಬ ಪ್ರಶ್ನೆಗಳೂ ಜೊತೆಗಿರಬೇಕು. ಸುತ್ತಲಿನ ಹಳ್ಳಿಗಳ ದುಡಿಯುವ ಸಮುದಾಯಗಳ ಮೌಖಿಕ ನೆನಪುಗಳನ್ನು ದಾಖಲಿಸುವುದು ಈ ದಿಸೆಯಲ್ಲಿ ಕನ್ನಡ ವಿಭಾಗಗಳು ಕೈಗೊಳ್ಳಬಹುದಾದ ಕೆಲಸ. ಹಿರಿಯ ತಲೆಮಾರು ಮರೆಯಾಗುವ ಮುನ್ನವೇ ಅದು ನಡೆಯಬೇಕಾಗಿದೆ.

ಕುಪ್ಪಳಿಯ ಮನೆಯನ್ನು ಉಳಿಸಿದ ಕಾರ್ಯ ಕನ್ನಡ ಸಂಸ್ಕೃತಿಗೆ ಸಂದ ದೊಡ್ಡ ಸೇವೆ. ಆ ಮನೆಯಿಂದ ಹೊರಟ ಕವಿ ಹೊಲಗೇರಿಯ ಗುಡಿಸಲಿನವರೆಗೂ ನಡೆದುಹೋದರೆಂಬುದನ್ನು ಮರೆಯದಿದ್ದಾಗ ಆ ಸೇವೆ ಪೂರ್ಣವಾಗುತ್ತದೆ.