ಪಾಠ 9: ಮದರಸಾ ಮುಗಿಯಿತು, ಮುಂದೇನು?



ಬೀದರಿನ ನಮ್ಮ ಕಲಿಕಾ ಕೇಂದ್ರದಲ್ಲಿ ಸಂಜೆ ಏಳಕ್ಕೆ ಪಾಠ ಶುರು. ಅಡಿಗೆ ಮುಗಿಸಿ, ಮಕ್ಕಳಿಗೆ ಉಣಿಸಿ, ಒಬ್ಬೊಬ್ಬರೇ ಬರುತ್ತಾರೆ. ಅವರಲ್ಲಿ ಒಬ್ಬ ಆಪಾ ಇದ್ದಾರೆ. ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಒಂದು ಸಂಜೆ ಬಂದವರು ಪುಸ್ತಕ ತೆಗೆಯಲಿಲ್ಲ. ಸುಮ್ಮನೆ ಕೂತರು.

"ಯಾಕ್ರಿ ಆಪಾ, ಮೈಯಾಗ ಹುಷಾರಿಲ್ಲೇನು?" ಎಂದು ಕೇಳಿದೆವು.

"ಮೈ ಚಲೋ ಅದರೀ ಟೀಚರ್. ಮನಸ್ಸಿಗೇ ಚಿಂತಿ. ಸಣ್ಣ ಮಗ ಈ ರಮಜಾನಿಗೆ ಹಾಫಿಜ್ ಆದ. ಓಣಿ ಮಂದಿ ಬಂದು ಹಾರ ಹಾಕಿದರು. ಭಾಳ ಖುಷಿ ಆಯ್ತು. ಈಗ ಅವನಿಗೆ ಹದಿನಾಲ್ಕು ವರ್ಷ. ಮುಂದ ಏನ್ ಮಾಡಸಬೇಕ್ರಿ? ದೊಡ್ಡವನ ಹಾಂಗ ಆಗಬಾರದು."

ದೊಡ್ಡವನಿಗೆ ಏನಾಗಿತ್ತು? ಅವನು ದೂರದ ಊರಿನ ಮದರಸಾದಲ್ಲಿ ಎಂಟು ವರ್ಷ ಓದಿ ಆಲಿಮ್ ಆದ. ಅರಬಿ ಓದಲು, ಬರೆಯಲು ಚೆನ್ನಾಗಿ ಬರುತ್ತದೆ. ಅಕ್ಷರ ಮುತ್ತಿನಂತೆ. ಬೆಂಗಳೂರಿನ ಒಂದು ಕಚೇರಿಯಲ್ಲಿ ಅರಬಿ ಬಲ್ಲವರು ಬೇಕು ಎಂದು ಗೊತ್ತಾಯಿತು. ಸಾಲ ಮಾಡಿ ಹೋದ. ಅಲ್ಲಿ ಅರಬಿ ಓದಿಸಿ ನೋಡಿದರು. ಮೆಚ್ಚಿದರು. ಆಮೇಲೆ ಕೇಳಿದರು, "ಹತ್ತನೇ ತರಗತಿಯ ಅಂಕಪಟ್ಟಿ ಕೊಡಿ."

ಅಂಕಪಟ್ಟಿ ಇರಲಿಲ್ಲ. ಅದೇ ರಾತ್ರಿ ಬಸ್ಸು ಹತ್ತಿ ವಾಪಸ್ ಬಂದ.

ಇದು ಒಂದೇ ಮನೆಯ ಕಥೆಯಲ್ಲ. ಬನ್ನಿ, ಈ ವಿಷಯ ತಿಳಿಯೋಣ.

ಮದರಸಾದಲ್ಲಿ ಏನು ಕಲಿಯುತ್ತಾರೆ?

ಮದರಸಾ ಅರಬಿ ಮಾತು. ಓದುವ ಜಾಗ ಎಂದು ಅರ್ಥ. ಎಲ್ಲ ಮದರಸಾ ಒಂದೇ ತರಹ ಇರುವುದಿಲ್ಲ. ಮಂಗಳೂರಿನ ಕಡೆ ಮಕ್ಕಳು ಬೆಳಿಗ್ಗೆ ಮದರಸಾಕ್ಕೆ ಹೋಗುತ್ತಾರೆ. ಆಮೇಲೆ ಚೀಲ ಹಿಡಿದು ಶಾಲೆಗೆ ಹೋಗುತ್ತಾರೆ. ಈ ಮಕ್ಕಳಿಗೆ ಎರಡೂ ಓದು ಸಿಗುತ್ತದೆ. ಕೆಲವು ಮಕ್ಕಳು ಮಾತ್ರ ಶಾಲೆ ಬಿಟ್ಟು ಮದರಸಾದಲ್ಲೇ ಉಳಿದು ಓದುತ್ತಾರೆ. ಇವರ ಸಂಖ್ಯೆ ದೊಡ್ಡದಲ್ಲ. ಶಾಲೆಗೆ ಹೋಗುವ ವಯಸ್ಸಿನ 100 ಮುಸ್ಲಿಂ ಮಕ್ಕಳಲ್ಲಿ ಮೂರು ನಾಲ್ಕು ಮಕ್ಕಳು ಮಾತ್ರ ಮದರಸಾದಲ್ಲಿ ಓದುತ್ತಾರೆ ಎಂದು 2006ರ ಸಾಚಾರ್ ಸಮಿತಿ ವರದಿ ಹೇಳಿತು. ಸಂಖ್ಯೆ ಸಣ್ಣದಾದರೂ ಒಂದೊಂದು ಮಗುವೂ ಒಂದೊಂದು ಮನೆಯ ದೀಪ.

ಕುರ್‌ಆನಿನಲ್ಲಿ 114 ಅಧ್ಯಾಯ ಇವೆ. ಎಲ್ಲವನ್ನೂ ಬಾಯಿಪಾಠ ಮಾಡಿದವನು ಹಾಫಿಜ್. ಮಾಡಿದವಳು ಹಾಫಿಜಾ. ಇದಕ್ಕೆ ಕೆಲವು ವರ್ಷ ಬೇಕು. ಆಮೇಲೆ ಅರಬಿ ವ್ಯಾಕರಣ, ಕುರ್‌ಆನಿನ ಅರ್ಥ, ಹದೀಸ್, ಧರ್ಮದ ಕಾನೂನು ಓದಿದವರು ಆಲಿಮ್. ಹೆಣ್ಣುಮಕ್ಕಳಾದರೆ ಆಲಿಮಾ. ಇದಕ್ಕೆ ಏಳೆಂಟು ವರ್ಷ ಹಿಡಿಯುತ್ತದೆ.

ಇಷ್ಟು ಓದಿದ ಮಗು ದಡ್ಡ ಮಗುವೇ? ಅಲ್ಲ. ಇಷ್ಟನ್ನು ನೆನಪಿಡುವ ತಲೆ ಗಣಿತವನ್ನೂ ಕಲಿಯಬಲ್ಲದು. ಇದನ್ನು ತಾಯಂದಿರು ಮೊದಲು ನಂಬಬೇಕು.

ಹಿಂದೆ ಹೇಗಿತ್ತು?

ನಮ್ಮ ಬೀದರಿನಲ್ಲೇ ಮಹಮೂದ್ ಗವಾನನ ಮದರಸಾ ಇದೆ. ನೀವೆಲ್ಲ ನೋಡಿದ್ದೀರಿ. ಮುಂಭಾಗದಲ್ಲಿ ಬಣ್ಣದ ಹಂಚು, ಒಂದು ಎತ್ತರದ ಮಿನಾರು. ಬಹಮನಿ ರಾಜ್ಯದ ಮಂತ್ರಿ ಗವಾನ್ ಇದನ್ನು 1472ರಲ್ಲಿ ಕಟ್ಟಿಸಿದ. ಮೂರು ಅಂತಸ್ತಿನ ಕಟ್ಟಡ. ಒಳಗೆ ಪಾಠದ ಕೋಣೆ, ಮಸೀದಿ, ಪುಸ್ತಕ ಭಂಡಾರ, ಉಳಿಯಲು ಕೋಣೆ ಇದ್ದವು. ಅಲ್ಲಿ ಧರ್ಮದ ಜೊತೆಗೆ ಗಣಿತದಂಥ ವಿದ್ಯೆಗಳನ್ನೂ ಕಲಿಸುತ್ತಿದ್ದರು.

ಇಂದಿನ ಅನೇಕ ಮದರಸಾಗಳ ಪಾಠಕ್ರಮಕ್ಕೆ ದರ್ಸೆ ನಿಜಾಮಿ ಎಂದು ಹೆಸರು. ಹದಿನೆಂಟನೇ ಶತಮಾನದಲ್ಲಿ ಲಕ್ನೋದ ಮುಲ್ಲಾ ನಿಜಾಮುದ್ದೀನ್ ಅದನ್ನು ರೂಪಿಸಿದರು. ಆಗ ಇದನ್ನು ಓದಿದವರು ಕಾಜಿ ಆಗುತ್ತಿದ್ದರು, ಸರ್ಕಾರದ ಕೆಲಸಕ್ಕೂ ಸೇರುತ್ತಿದ್ದರು. ಆ ಕಾಲದ ಕಚೇರಿ ಭಾಷೆ ಫಾರ್ಸಿ. 1837ರಲ್ಲಿ ಬ್ರಿಟಿಷರ ಕಂಪನಿ ಸರ್ಕಾರ ಕಚೇರಿಗಳಿಂದ ಫಾರ್ಸಿಯನ್ನು ತೆಗೆಯಿತು. ಓದು ಹಾಗೇ ಉಳಿಯಿತು. ಕಚೇರಿಯ ಬಾಗಿಲು ಮುಚ್ಚಿತು.

ಅಂದರೆ ಓದು ಮತ್ತು ಸಂಬಳ ಬೇರೆ ಬೇರೆ ಆಗಿದ್ದು ಆಮೇಲೆ. ಅವನ್ನು ಮತ್ತೆ ಕೂಡಿಸಬಹುದು.

ಈಗ ಯಾವ ಕೆಲಸ ಸಿಗುತ್ತದೆ?

ಮದರಸಾ ಓದಿದವರು ಮಸೀದಿಯಲ್ಲಿ ಇಮಾಮ್ ಆಗುತ್ತಾರೆ. ಅಜಾನ್ ಕೂಗುವ ಮುಅಜ್ಜಿನ್ ಆಗುತ್ತಾರೆ. ಮದರಸಾದಲ್ಲೇ ಪಾಠ ಹೇಳುತ್ತಾರೆ. ಹಾಫಿಜರು ರಮಜಾನಿನಲ್ಲಿ ತರಾವೀಹ್ ನಮಾಜು ಮಾಡಿಸುತ್ತಾರೆ. ಇವು ಗೌರವದ ಕೆಲಸ. ಮನಸ್ಸಿನಿಂದ ಇದನ್ನೇ ಆರಿಸಿಕೊಂಡವರಿಗೆ ನಮ್ಮ ನಮಸ್ಕಾರ.

ಸಂಬಳದ ಲೆಕ್ಕವನ್ನೂ ನೋಡೋಣ. 2025ರ ಮಾರ್ಚ್ ತಿಂಗಳ ಬಜೆಟ್‌ನಲ್ಲಿ ಕರ್ನಾಟಕ ಸರ್ಕಾರ ಪೇಶ್ ಇಮಾಮರ ಗೌರವಧನವನ್ನು ತಿಂಗಳಿಗೆ 6,000 ರೂಪಾಯಿಗೆ, ಮುಅಜ್ಜಿನರ ಗೌರವಧನವನ್ನು 5,000 ರೂಪಾಯಿಗೆ ಏರಿಸುವುದಾಗಿ ಹೇಳಿತು. 6,000ವನ್ನು 30 ದಿನಕ್ಕೆ ಹಂಚಿ. ದಿನಕ್ಕೆ 200 ರೂಪಾಯಿ. ಮಸೀದಿ ಕಮಿಟಿಯವರು ಕೊಡುವುದು ಬೇರೆ. ಅದು ಊರಿಂದ ಊರಿಗೆ ಹೆಚ್ಚು ಕಡಿಮೆ.

ಹೆಂಡತಿ, ಎರಡು ಮಕ್ಕಳು, ಮನೆ ಬಾಡಿಗೆ. ಸಾಕಾಗುತ್ತದೆಯೇ? ಲೆಕ್ಕ ನೀವೇ ಹಾಕಿ. ಇಮಾಮ್ ಆದವನಿಗೂ ಇನ್ನೊಂದು ಕಸುಬು ಕೈಯಲ್ಲಿದ್ದರೆ ಒಳ್ಳೆಯದು.

ಬೇರೆ ಕೆಲಸವೂ ಇದೆ. ಕೊಲ್ಲಿ ದೇಶಗಳ ರೋಗಿಗಳು ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಿಗೆ ಬರುತ್ತಾರೆ. ಅವರ ಮಾತನ್ನು ಡಾಕ್ಟರಿಗೆ ತಿಳಿಸಲು ಅರಬಿ ಬಲ್ಲವರು ಬೇಕು. ಕಂಪನಿಗಳಲ್ಲಿ ಅರಬಿ ಕಾಗದಪತ್ರ ಅನುವಾದ ಮಾಡುವವರು ಬೇಕು. ಪತ್ರಿಕೆ, ಶಾಲೆ, ಕಾಲೇಜುಗಳಲ್ಲಿ ಉರ್ದು, ಅರಬಿ ಬಲ್ಲವರಿಗೆ ಕೆಲಸ ಇದೆ. ಆದರೆ ಬರೀ ಅರಬಿ ಸಾಲದು. ಇಂಗ್ಲಿಷ್ ಬೇಕು. ಕಂಪ್ಯೂಟರ್ ಬೇಕು. ನಮ್ಮ ರಾಜ್ಯದಲ್ಲಿ ಕನ್ನಡ ಬೇಕೇ ಬೇಕು.

ಬಾಗಿಲು ಎಲ್ಲಿ ಮುಚ್ಚುತ್ತದೆ?

ಮದರಸಾ ಮುಗಿಸಿದವರಿಗೆ ಸನದು ಕೊಡುತ್ತಾರೆ. ಸನದು ಅಂದರೆ ಓದು ಮುಗಿಸಿದ ಪತ್ರ. ಮಸೀದಿ, ಮದರಸಾದಲ್ಲಿ ಅದಕ್ಕೆ ಬೆಲೆ ಇದೆ. ಆದರೆ ಸರ್ಕಾರಿ ನೌಕರಿ, ಪಾಲಿಟೆಕ್ನಿಕ್, ಕಾಲೇಜು, ಎಲ್ಲ ಕಡೆ ಸಾಮಾನ್ಯವಾಗಿ ಮೊದಲು ಕೇಳುವುದು ಹತ್ತನೇ ತರಗತಿಯ ಅಂಕಪಟ್ಟಿ.

ಕೆಲವು ವಿಶ್ವವಿದ್ಯಾಲಯಗಳು ಕೆಲವು ಮದರಸಾಗಳ ಸನದನ್ನು ಒಪ್ಪುತ್ತವೆ. ಎಲ್ಲ ಮದರಸಾಗಳದ್ದನ್ನಲ್ಲ. ಅವರ ಪಟ್ಟಿಯಲ್ಲಿ ಹೆಸರು ಇರಬೇಕು. ಮಗುವನ್ನು ಸೇರಿಸುವ ಮೊದಲೇ ಇದನ್ನು ಕೇಳಬೇಕು.

ಇನ್ನೊಂದು ಸಂಗತಿ. ಉತ್ತರ ಪ್ರದೇಶದ ಮದರಸಾ ಮಂಡಳಿ ಕಾಮಿಲ್, ಫಾಜಿಲ್ ಎಂಬ ಪದವಿ ಕೊಡುತ್ತಿತ್ತು. 2024ರ ನವೆಂಬರ್ 5ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಮದರಸಾ ಶಿಕ್ಷಣದ ಕಾನೂನು ಸರಿ, ಆದರೆ ಪದವಿ ಕೊಡುವ ಅಧಿಕಾರ ಮಂಡಳಿಗೆ ಇಲ್ಲ ಎಂದಿತು. ಪದವಿಯ ವಿಷಯ ಯು.ಜಿ.ಸಿ. ಕಾನೂನಿಗೆ ಸೇರಿದ್ದು. ಆದ್ದರಿಂದ ಯಾವ ಪತ್ರಕ್ಕೆ ಎಲ್ಲಿ ಬೆಲೆ ಎಂದು ಮೊದಲೇ ತಿಳಿಯಬೇಕು. ಎಂಟು ವರ್ಷ ಕಳೆದ ಮೇಲೆ ತಿಳಿದರೆ ಏನು ಬಂತು?

ಹತ್ತನೇ ತರಗತಿ ಎಂಬ ಕೀಲಿಕೈ

ಶಾಲೆಗೆ ಹೋಗದೆಯೂ ಹತ್ತನೇ ಪರೀಕ್ಷೆ ಬರೆಯಬಹುದೇ? ಬರೆಯಬಹುದು. ಎಸ್ಸೆಸ್ಸೆಲ್ಸಿಯನ್ನು ಖಾಸಗಿಯಾಗಿ ಕಟ್ಟಬಹುದು. ಇನ್ನೊಂದು ದಾರಿ ರಾಷ್ಟ್ರೀಯ ಮುಕ್ತ ಶಾಲೆ. ಜನ ಇದನ್ನು ಎನ್.ಐ.ಓ.ಎಸ್. ಎನ್ನುತ್ತಾರೆ. ಕೇಂದ್ರ ಸರ್ಕಾರ ಇದನ್ನು 1989ರಲ್ಲಿ ಶುರು ಮಾಡಿತು. ಇದರ ನಿಯಮ ಹೀಗಿವೆ:

1. ಹತ್ತನೇ ಪರೀಕ್ಷೆಗೆ 14 ವರ್ಷ ತುಂಬಿರಬೇಕು. ಮೇಲಿನ ವಯಸ್ಸಿಗೆ ಮಿತಿ ಇಲ್ಲ.
2. ಐದು ವಿಷಯ ಪಾಸಾಗಬೇಕು. ಅದರಲ್ಲಿ ಒಂದು ಅಥವಾ ಎರಡು ಭಾಷೆ. ಉರ್ದು, ಅರಬಿಯನ್ನೂ ಆರಿಸಬಹುದು.
3. ಉರ್ದು ಮಾಧ್ಯಮದಲ್ಲೂ ಬರೆಯಬಹುದು.
4. ವರ್ಷಕ್ಕೆ ಎರಡು ಸಲ ಪರೀಕ್ಷೆ. ಐದು ವರ್ಷದಲ್ಲಿ ಒಂಬತ್ತು ಅವಕಾಶ.
5. ಐದೂ ವಿಷಯವನ್ನು ಒಂದೇ ಸಲ ಬರೆಯಬೇಕಿಲ್ಲ. ಪಾಸಾದ ವಿಷಯ ಪಾಸೇ. ಉಳಿದದ್ದನ್ನು ಆಮೇಲೆ ಬರೆಯಬಹುದು.

ಮುಂದೆ ಏನು ಓದಬೇಕು ಎಂದು ನೋಡಿ ವಿಷಯ ಆರಿಸಿ. ಪಾಲಿಟೆಕ್ನಿಕ್ ಸೇರುವವರಿಗೆ ಗಣಿತ, ವಿಜ್ಞಾನ ಬೇಕು.

2025ರ ರಾಜ್ಯ ಬಜೆಟ್‌ನಲ್ಲಿ ಇನ್ನೊಂದು ಮಾತಿದೆ. ಮದರಸಾ ಮಕ್ಕಳು ಎನ್.ಐ.ಓ.ಎಸ್. ಮೂಲಕ ಹತ್ತನೇ ಪರೀಕ್ಷೆ ಬರೆಯಲು ಕಂಪ್ಯೂಟರ್, ಸ್ಮಾರ್ಟ್ ಬೋರ್ಡ್ ಕೊಡುವುದಾಗಿ ಹೇಳಿದ್ದಾರೆ. ನಿಮ್ಮ ಊರಿನ ಮದರಸಾಕ್ಕೆ ಬಂತೇ? ಹೋಗಿ ಕೇಳಿ. ಕೇಳುವುದು ನಿಮ್ಮ ಹಕ್ಕು.

ಎಚ್ಚರ! "ಇಷ್ಟು ದುಡ್ಡು ಕೊಡಿ, ಪರೀಕ್ಷೆ ಬರೆಯದೆ ಅಂಕಪಟ್ಟಿ ಕೊಡಿಸ್ತೀವಿ" ಎನ್ನುವವರನ್ನು ನಂಬಬೇಡಿ. ಅದು ಸುಳ್ಳು ಕಾಗದ. ದುಡ್ಡೂ ಹೋಗುತ್ತದೆ, ಹುಡುಗ ಪೊಲೀಸ್ ಠಾಣೆಯನ್ನೂ ಹತ್ತಬೇಕಾಗುತ್ತದೆ.

ಹತ್ತು ಪಾಸಾದರೆ?

ಹತ್ತು ಪಾಸಾದರೆ ಐ.ಟಿ.ಐ., ಪಾಲಿಟೆಕ್ನಿಕ್, ಪಿ.ಯು.ಸಿ. ಓದಬಹುದು. ಮೌಲಾನಾ ಆಜಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯ 1998ರಲ್ಲಿ ಹೈದರಾಬಾದಿನಲ್ಲಿ ಆರಂಭವಾಯಿತು. ಅದರ ಪಾಲಿಟೆಕ್ನಿಕ್ ಬೆಂಗಳೂರಿನಲ್ಲಿದೆ. ಶಿಕ್ಷಕರ ತರಬೇತಿ ಕಾಲೇಜು ನಮ್ಮ ಬೀದರಿನಲ್ಲೇ ಇದೆ. ಪದವಿ ಮುಗಿಸಿದವರು ಅಲ್ಲಿ ಬಿ.ಎಡ್. ಓದಬಹುದು. ಮದರಸಾ ಓದಿದವರಿಗಾಗಿ ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯ 2013ರಲ್ಲಿ ಒಂದು ಸೇತುವೆ ಕೋರ್ಸು ಶುರು ಮಾಡಿತು. ಆ ದಡದಿಂದ ಈ ದಡಕ್ಕೆ ದಾಟಿಸುವ ಓದು ಅದು.

ಬೀದರಿನ ಶಾಹೀನ್ ಸಂಸ್ಥೆಯ ಹೆಸರು ಕೇಳಿರುತ್ತೀರಿ. ಅಲ್ಲಿ ಹಾಫಿಜ್ ಆದ ಮಕ್ಕಳಿಗೆ ಬೇರೆ ತರಗತಿ ನಡೆಸಿದರು. ಭಾಷೆ ಮತ್ತು ಗಣಿತವನ್ನು ಬುಡದಿಂದ ಕಲಿಸಿದರು. ಆಮೇಲೆ ಶಾಲೆಯ ಪಾಠಕ್ಕೆ ಸೇರಿಸಿದರು. ಹೀಗೆ ಓದಿದ ಹಾಫಿಜರು ಡಾಕ್ಟರ್ ಓದಿನ ಸೀಟನ್ನೂ ಪಡೆದಿದ್ದಾರೆ.

ಎಲ್ಲರೂ ಡಾಕ್ಟರ್ ಆಗಬೇಕಿಲ್ಲ. ಆಗುವ ದಾರಿ ಮುಚ್ಚಿರಬಾರದು, ಅಷ್ಟೇ.

ಹೆಣ್ಣುಮಕ್ಕಳ ಮಾತು

ಪಾಠ ಕೇಳುತ್ತಿದ್ದ ಇನ್ನೊಬ್ಬರು ಹೇಳಿದರು, "ನನ್ನ ಮಗಳು ಆಲಿಮಾ ಓದ್ತಾಳ. ಅವಳಿಗಿ ಯಾಕ್ರಿ ಹತ್ತನೆತ್ತಿ?"

ನಾವು ಕೇಳಿದೆವು, "ಅವಳು ನಾಳೆ ಅಂಗನವಾಡಿಗೆ, ಶಾಲೆಗೆ, ಆಸ್ಪತ್ರೆಗೆ ಕೆಲಸಕ್ಕೆ ಹೋಗಬೇಕೆಂದರೆ?" ಅವರು ಸುಮ್ಮನಾದರು. ಆಪಾ ಮೆಲ್ಲಗೆ ಹೇಳಿದರು, "ನನ್ನ ಗಂಡ ತೀರಿದಾಗ ನನ್ನ ಕೈಯಾಗ ಸೂಜಿ ಬಿಟ್ಟರ ಏನೂ ಇರಲಿಲ್ಲ. ಮಗಳ ಕೈಯಾಗ ಕಾಗದ ಇರಲಿ."

ಆಪಾ ಮನೆಯಲ್ಲಿ ಏನಾಯಿತು?

ಆಪಾ ಮನೆಗೆ ಹೋಗಿ ಇಬ್ಬರು ಮಕ್ಕಳನ್ನೂ ಕೂರಿಸಿಕೊಂಡರು. ಮೈದುನ ಹೇಳಿದ, "ಸಣ್ಣವನ್ನ ಗ್ಯಾರೇಜಿಗೆ ಹಾಕ್ರಿ." ಮೌಲವಿ ಸಾಹೇಬರು ಹೇಳಿದರು, "ಆಲಿಮ್ ಓದಿಸಮ್ಮ." ಆಪಾ ಮೌಲವಿಯವರ ಹತ್ತಿರ ಹೋಗಿ ಕೇಳಿದರು, "ಹಜರತ್, ಆಲಿಮ್ ಓದಲಿ. ಸಂಜಿಗೆ ಎರಡು ತಾಸು ಹತ್ತನೇ ಪುಸ್ತಕ ಓದಲು ಬಿಡ್ತೀರೇನು?" ಅವರು ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿದರು. ಇನ್ನೂ ಆರು ಮಕ್ಕಳು ಜೊತೆಗೆ ಕೂತರು.

ದೊಡ್ಡವನೂ ಹೆಸರು ಹಚ್ಚಿದ. ತಮ್ಮನ ಜೊತೆ ಓದಲು ಅವನಿಗೆ ನಾಚಿಕೆ ಆಯಿತು. ಆದರೂ ಓದಿದ. ಮೊದಲ ಸಲ ಉರ್ದು, ಅರಬಿ, ಸಮಾಜ ವಿಜ್ಞಾನ ಪಾಸ್. ವಿಜ್ಞಾನ ಎರಡನೇ ಸಲ. ಗಣಿತ ಎರಡು ಸಲ ಫೇಲ್, ಮೂರನೇ ಸಲ ಪಾಸ್. ಈಗ ಮದರಸಾದಲ್ಲಿ ಪಾಠ ಹೇಳುತ್ತಾ ಹನ್ನೆರಡನೇ ತರಗತಿಗೆ ಓದುತ್ತಿದ್ದಾನೆ. ಬಿ.ಎಡ್. ತನಕ ಹೋಗಬೇಕು ಎನ್ನುತ್ತಾನೆ. ದಾರಿ ಇನ್ನೂ ಉದ್ದ ಇದೆ. ತಮ್ಮನಿಗೆ ಇನ್ನೂ ಎರಡು ವಿಷಯ ಉಳಿದಿವೆ.

ಸಣ್ಣವನ ಅರ್ಜಿಯಲ್ಲಿ ಅವನ ಹುಟ್ಟಿದ ತಾರೀಖು ತಪ್ಪಾಗಿತ್ತು. ಬರೆದವನು 5 ಎನ್ನುವ ಕಡೆ 6 ಬರೆದಿದ್ದ. ಅದನ್ನು ಕಂಡು ಹಿಡಿದದ್ದು ಯಾರು ಗೊತ್ತೇ? ಆಪಾ. ಅವರೇ ಬೆರಳಿಟ್ಟು ಓದಿ ತೋರಿಸಿದರು.

ಹೊಸ ಪದಗಳು

ಸನದು: ಓದು ಮುಗಿಸಿದ ಪತ್ರ
ಗೌರವಧನ: ಸೇವೆಗೆ ಕೊಡುವ ಹಣ
ಅಂಕಪಟ್ಟಿ: ಪರೀಕ್ಷೆಯ ಅಂಕ ಬರೆದ ಪತ್ರ
ಅನುವಾದ: ಒಂದು ಭಾಷೆಯ ಮಾತನ್ನು ಇನ್ನೊಂದು ಭಾಷೆಗೆ ತರುವುದು

ಓದಿ, ಉತ್ತರ ಬರೆಯಿರಿ

1. ದೊಡ್ಡ ಮಗನಿಗೆ ಬೆಂಗಳೂರಿನಲ್ಲಿ ಕೆಲಸ ಯಾಕೆ ಸಿಗಲಿಲ್ಲ?
2. ಮುಕ್ತ ಶಾಲೆಯ ಹತ್ತನೇ ಪರೀಕ್ಷೆಗೆ ಎಷ್ಟು ವರ್ಷ ತುಂಬಿರಬೇಕು?
3. ತಿಂಗಳಿಗೆ 5,000 ರೂಪಾಯಿ ಆದರೆ ಒಂದು ವರ್ಷಕ್ಕೆ ಎಷ್ಟು?

ಕೂತು ಮಾತಾಡೋಣ

ನಿಮ್ಮ ಓಣಿಯಲ್ಲಿ ಮದರಸಾ ಓದಿದ ಹುಡುಗರು, ಹುಡುಗಿಯರು ಎಷ್ಟು ಜನ? ಅವರಲ್ಲಿ ಹತ್ತನೇ ಪಾಸಾದವರು ಯಾರು? ಪಾಸಾಗದವರ ಹೆಸರು ಒಂದು ಹಾಳೆಯಲ್ಲಿ ಬರೆಯಿರಿ. ಮುಂದಿನ ವಾರ ಆ ಹಾಳೆ ತನ್ನಿ. ಎಲ್ಲರೂ ಕೂಡಿ ಅವರ ಮನೆಗೆ ಹೋಗೋಣ.