ಗಣಕಯಂತ್ರವೂ ವೈಫೈ ಕಾರ್ಡೂ: ಹೊಂದಿಕೆಯ ವಿಷಯವಾಗಿ ಒಂದು ಪಾಠ

ಪಾಠದ ಟಿಪ್ಪಣಿಗಳೂ ಪರೀಕ್ಷೆಯ ಫಲಿತಾಂಶಗಳೂ ವಿದ್ಯಾರ್ಥಿವೇತನದ ಅರ್ಜಿಗಳೂ ಈಗ ಅಂತರ್ಜಾಲದ ಮೂಲಕವೇ ಮನೆಗೆ ಬರುತ್ತಿರುವುದರಿಂದ, ಮನೆಯ ಗಣಕಯಂತ್ರವು ಅಂತರ್ಜಾಲಕ್ಕೆ ಸೇರದೆ ಸುಮ್ಮನೆ ಕುಳಿತಿರುವುದು ಅಲ್ಪ ನಷ್ಟವಲ್ಲ. ಅನೇಕ ಮನೆಗಳಲ್ಲಿ ತಂದೆಯವರ ಕೈಯಲ್ಲಿರುವ ಒಂದೇ ಫೋನು ಮಕ್ಕಳೆಲ್ಲರ ಪುಸ್ತಕವೂ ಆಗಿದೆ. ಅವರು ಕೆಲಸದಿಂದ ಮರಳುವ ತನಕ ಮಗಳ ಪಾಠವು ಕಾಯಬೇಕು. ಅದೇ ಮನೆಯ ಮೂಲೆಯಲ್ಲಿ ಅಣ್ಣನೋ ಚಿಕ್ಕಪ್ಪನೋ ಉಪಯೋಗಿಸಿ ಬಿಟ್ಟ ಗಣಕಯಂತ್ರವೊಂದು ಬಟ್ಟೆಯ ಮುಸುಕಿನೊಳಗೆ ನಿಂತಿರುವುದುಂಟು. ಅದಕ್ಕೆ ಕೊರತೆಯಾಗಿರುವುದು ವೈಫೈ ಕಾರ್ಡೆಂಬ ಒಂದು ಅಂಗ ಮಾತ್ರ.

ಆ ಕಾರ್ಡನ್ನು ತಂದು ಹಾಕಿದಾಗ ಕೆಲವು ವೇಳೆ ಕೆಲಸ ನಡೆಯುವುದಿಲ್ಲ. ಆಗ ಮನೆಯವರು ಯಂತ್ರವು ಹಳೆಯದಾಯಿತೆಂದಾಗಲಿ, ಅಂಗಡಿಯವನು ಕೆಟ್ಟ ಕಾರ್ಡನ್ನು ಕೊಟ್ಟನೆಂದಾಗಲಿ ತೀರ್ಪು ಹೇಳಿಬಿಡುತ್ತಾರೆ. ಯಂತ್ರವು ಗುಜರಿಗೆ ಹೋಗುತ್ತದೆ. ಮಗಳ ಪಾಠವು ತಿರಿಗಿ ಫೋನಿಗಾಗಿ ಕಾಯುತ್ತದೆ. ವಿಚಾರಿಸಿ ನೋಡಿದರೆ, ಯಂತ್ರವೂ ಒಳ್ಳೆಯದು, ಕಾರ್ಡೂ ಒಳ್ಳೆಯದು, ಇವೆರಡಕ್ಕೆ ಪರಸ್ಪರ ಹೊಂದಿಕೆಯಿಲ್ಲ ಎಂಬುದೇ ಹಲವು ಸಲ ನಿಜವಾದ ಕಾರಣವಾಗಿರುತ್ತದೆ. ಹೊಸ ಬಟ್ಟೆಯ ತೇಪೆಯನ್ನು ಹಳೆಯ ವಸ್ತ್ರಕ್ಕೆ ಹಚ್ಚುವ ಸಾಮ್ಯವನ್ನು ಬಲ್ಲ ನಮ್ಮ ವಿದ್ಯಾರ್ಥಿನಿಯರಿಗೆ ಈ ಮಾತು ಹೊಸದಲ್ಲ.

ಹೊಂದಿಕೆಯನ್ನು ಪರೀಕ್ಷಿಸುವುದಕ್ಕೆ ಒಂದು ಕ್ರಮವುಂಟು. ಅದನ್ನು ನಾವು ನಾಲ್ಕು ಪ್ರಶ್ನೆಗಳಾಗಿ ಹೇಳುತ್ತೇವೆ. ಕಾರ್ಡು ತನ್ನ ಸ್ಥಳದಲ್ಲಿ ಕೂಡುತ್ತದೋ? ಯಂತ್ರವು ಅದನ್ನು ಕಾಣುತ್ತದೋ? ಯಂತ್ರವು ಅದರ ಭಾಷೆಯನ್ನು ತಿಳಿಯುತ್ತದೋ? ಕಾರ್ಡು ಮನೆಯ ರೌಟರಿನೊಡನೆ ಸೇರುತ್ತದೋ? ಒಂದು ಪ್ರಶ್ನೆಗೆ ಉತ್ತರ ದೊರೆಯುವ ತನಕ ಮುಂದಿನದಕ್ಕೆ ಹೋಗಬಾರದು.

೧. ಕಾರ್ಡು ತನ್ನ ಸ್ಥಳದಲ್ಲಿ ಕೂಡುತ್ತದೋ?

ಪೆಟ್ಟಿಗೆಯನ್ನು ಬಿಚ್ಚುವ ಮುಂಚೆ ಯಂತ್ರವನ್ನು ನಿಲ್ಲಿಸಿ, ಗೋಡೆಯ ಪ್ಲಗ್ಗನ್ನು ಕಿತ್ತು, ಉಳಿದ ವಿದ್ಯುತ್ತು ಹೋಗುವಂತೆ ಪವರ್ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿಯಬೇಕು. ಆಮೇಲೆ ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಕೈಯಿಂದ ಮುಟ್ಟಬೇಕು. ಹೀಗೆ ಮಾಡಿದರೆ ನಮ್ಮ ಮೈಯ ಸ್ಥಿರವಿದ್ಯುತ್ತು ಸೂಕ್ಷ್ಮವಾದ ಭಾಗಗಳಿಗೆ ಹಾನಿ ಮಾಡುವುದಿಲ್ಲ.

ಒಳಗಿರುವ ದೊಡ್ಡ ಹಲಗೆಯೇ ಮದರ್‌ಬೋರ್ಡು. ಅದರ ಮೇಲೆ ಕಾರ್ಡು ಕೂರಿಸುವ ಸೀಳುಗಳಿಗೆ ಸ್ಲಾಟುಗಳೆಂದು ಹೆಸರು. ೧೯೯೨ರಲ್ಲಿ ಬಂದ ಪಿ.ಸಿ.ಐ. ಎಂಬ ಪದ್ಧತಿಯ ಸ್ಲಾಟು ಸುಮಾರು ಎಂಟೂವರೆ ಸೆಂಟಿಮೀಟರ್ ಉದ್ದವುಳ್ಳದ್ದು. ೨೦೦೩ರಲ್ಲಿ ಬಂದ ಪಿ.ಸಿ.ಐ. ಎಕ್ಸ್‌ಪ್ರೆಸ್ ಪದ್ಧತಿಯ ಅತ್ಯಂತ ಚಿಕ್ಕ ಸ್ಲಾಟು ಸುಮಾರು ಎರಡೂವರೆ ಸೆಂಟಿಮೀಟರ್ ಮಾತ್ರ. ಹೆಸರುಗಳು ಒಂದೇ ಕುಲದವಾದರೂ ಒಂದರ ಕಾರ್ಡು ಮತ್ತೊಂದರಲ್ಲಿ ಕೂಡುವುದೇ ಇಲ್ಲ, ಒತ್ತಾಯಪಡಿಸಿದರೆ ಮುರಿಯುವುದು. ಆದರೆ ಚಿಕ್ಕ ಎಕ್ಸ್‌ಪ್ರೆಸ್ ಕಾರ್ಡನ್ನು ಉದ್ದವಾದ ಎಕ್ಸ್‌ಪ್ರೆಸ್ ಸ್ಲಾಟಿನಲ್ಲಿ ಕೂರಿಸಬಹುದು. ಸ್ಲಾಟಿನ ಉಳಿದ ಭಾಗವು ಖಾಲಿಯಿದ್ದರೆ ತೊಂದರೆಯಿಲ್ಲ.

ಕಚೇರಿಗಳಿಂದ ಮಾರಾಟಕ್ಕೆ ಬರುವ ತೆಳ್ಳಗಿನ ಯಂತ್ರಗಳಲ್ಲಿ ಇನ್ನೊಂದು ಸಂಗತಿಯುಂಟು. ಕಾರ್ಡಿನ ತುದಿಯಲ್ಲಿರುವ ಲೋಹದ ಪಟ್ಟಿಯು ಸಾಮಾನ್ಯವಾಗಿ ೧೨ ಸೆಂಟಿಮೀಟರ್ ಎತ್ತರವಾಗಿರುತ್ತದೆ. ತೆಳ್ಳಗಿನ ಪೆಟ್ಟಿಗೆಗೆ ಸುಮಾರು ೮ ಸೆಂಟಿಮೀಟರಿನ ಗಿಡ್ಡ ಪಟ್ಟಿಯೇ ಬೇಕು. ಅದು ಜೊತೆಯಲ್ಲಿ ಬರುತ್ತದೋ ಎಂದು ಕೊಳ್ಳುವಾಗಲೇ ಕೇಳಿರಿ.

೨. ಯಂತ್ರವು ಅದನ್ನು ಕಾಣುತ್ತದೋ?

ಕಾರ್ಡು ಕೂತ ಮೇಲೆ ಯಂತ್ರವನ್ನು ನಡೆಸಿ, ವಿಂಡೋಸ್ ಇದ್ದರೆ ಡಿವೈಸ್ ಮ್ಯಾನೇಜರ್ ಎಂಬ ಪಟ್ಟಿಯನ್ನು ತೆರೆಯಬೇಕು. ಅಲ್ಲಿ ಕಾರ್ಡಿನ ಹೆಸರಾಗಲಿ, ಹೆಸರಿಲ್ಲದ ನೆಟ್‌ವರ್ಕ್ ಸಾಧನವಾಗಲಿ ಹಳದಿ ಗುರುತಿನೊಡನೆ ತೋರಿಬಂದರೆ ಎದೆಗುಂದಬಾರದು. ಆ ಹಳದಿ ಗುರುತು ಒಂದು ರೀತಿಯಲ್ಲಿ ಶುಭವಾರ್ತೆಯೇ. ಯಂತ್ರವು ಕಾರ್ಡನ್ನು ಕಂಡಿದೆ, ಅರ್ಥಮಾಡಿಕೊಂಡಿಲ್ಲ ಎಂದು ಅದರ ಅರ್ಥ. ಏನೂ ತೋರದಿದ್ದರೆ ಮಾತ್ರ ನಾವು ಈ ಎರಡನೆಯ ಪ್ರಶ್ನೆಯಲ್ಲಿ ನಿಂತಿದ್ದೇವೆ.

ಆಗ ಪ್ಲಗ್ಗನ್ನು ಮತ್ತೆ ಕಿತ್ತು, ಕಾರ್ಡನ್ನು ತೆಗೆದು, ನೆಟ್ಟಗೆ ಇನ್ನೊಮ್ಮೆ ಕೂರಿಸಬೇಕು. ಅದರಿಂದಲೂ ಆಗದಿದ್ದರೆ ಬೇರೆ ಸ್ಲಾಟಿನಲ್ಲಿ ಹಾಕಿ ನೋಡಬೇಕು. ಕೆಲವು ಬೋರ್ಡುಗಳಲ್ಲಿ ಎರಡು ಸ್ಲಾಟುಗಳು ಒಂದೇ ದಾರಿಯನ್ನು ಹಂಚಿಕೊಂಡಿರುತ್ತವೆ. ಒಂದರಲ್ಲಿ ಡಿಸ್ಕನ್ನು ಹಾಕಿದರೆ ಮತ್ತೊಂದು ತಾನಾಗಿ ಮುಚ್ಚಿಹೋಗುತ್ತದೆ. ಇದು ಬೋರ್ಡಿನ ಕೈಪಿಡಿಯಲ್ಲಿ ಬರೆದಿರುವುದು.

ಈ ಪ್ರಶ್ನೆಯಲ್ಲಿ ಅನೇಕರನ್ನು ಮೋಸಗೊಳಿಸುವ ಒಂದು ಉದಾಹರಣೆಯನ್ನು ವಿವರಿಸುತ್ತೇವೆ. ಹೊಸ ಬೋರ್ಡುಗಳಲ್ಲಿ ಎಂ.೨ ಎಂಬ ಸಣ್ಣ ಸ್ಲಾಟುಂಟು. ಅದಕ್ಕೆ ಹಾಕುವ ವೈಫೈ ಕಾರ್ಡು ಸಾಮಾನ್ಯವಾಗಿ ೨೨ ಮಿಲಿಮೀಟರ್ ಅಗಲ, ೩೦ ಮಿಲಿಮೀಟರ್ ಉದ್ದವಾಗಿರುತ್ತದೆ. ಇಂಟೆಲ್ ಕಂಪೆನಿಯ ಎ.ಎಕ್ಸ್. ೨೦೦ ಮತ್ತು ಎ.ಎಕ್ಸ್. ೨೦೧ ಎಂಬ ಎರಡು ಕಾರ್ಡುಗಳು ಆಕಾರದಲ್ಲಿ ಅವಳಿಜವಳಿಗಳಂತಿವೆ. ಆದರೆ ೨೦೦ ಎಂಬುದು ತನ್ನ ಕೆಲಸವನ್ನೆಲ್ಲಾ ತಾನೇ ಮಾಡುವ ಕಾರ್ಡು. ಇಂಟೆಲ್ ಬೋರ್ಡಿನಲ್ಲಿಯೂ ಎ.ಎಂ.ಡಿ. ಬೋರ್ಡಿನಲ್ಲಿಯೂ ನಡೆಯುವುದು. ೨೦೧ ಎಂಬುದರ ಬುದ್ಧಿಯ ಒಂದು ಭಾಗವನ್ನು ಕಾರ್ಡಿನಿಂದ ತೆಗೆದು ಬೋರ್ಡಿನ ಚಿಪ್ಪುಗಳೊಳಗೆ ಇರಿಸಿದ್ದಾರೆ. ಈ ಏರ್ಪಾಟಿಗೆ ಸಿ.ಎನ್.ವಿ.ಐ. ಎಂದು ಹೆಸರು. ಆದುದರಿಂದ ಈ ಏರ್ಪಾಟುಳ್ಳ ಇಂಟೆಲ್ ಬೋರ್ಡಿನಲ್ಲಿ ಮಾತ್ರ ೨೦೧ ನಡೆಯುವುದು. ಎ.ಎಂ.ಡಿ. ಬೋರ್ಡಿಗೂ ಹಳೆಯ ಇಂಟೆಲ್ ಬೋರ್ಡಿಗೂ ಅದು ಕಾಣುವುದೇ ಇಲ್ಲ. ಎ.ಎಕ್ಸ್. ೨೧೦ ಮತ್ತು ೨೧೧ ಎಂಬವುಗಳ ಭೇದವೂ ಹೀಗೆಯೇ. ಸ್ಥಳದಲ್ಲಿ ಸರಿಯಾಗಿ ಕೂತರೂ ಕಾಣದಿರುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಬೇಡ. ಇಲ್ಲಿ ಯಾವ ದುರಸ್ತಿಯೂ ಫಲಿಸದು. ಕಾರ್ಡನ್ನು ಬದಲಾಯಿಸುವುದೊಂದೇ ಉಪಾಯ.

೩. ಯಂತ್ರವು ಅದರ ಭಾಷೆಯನ್ನು ತಿಳಿಯುತ್ತದೋ?

ಯಂತ್ರಕ್ಕೂ ಕಾರ್ಡಿಗೂ ನಡುವೆ ದುಭಾಷಿಯಾಗಿ ನಿಲ್ಲುವ ತಂತ್ರಾಂಶವನ್ನು ಡ್ರೈವರು ಎನ್ನುತ್ತಾರೆ. ಹಳದಿ ಗುರುತಿನ ವಿವರದಲ್ಲಿ ೨೮ ಎಂಬ ಸಂಖ್ಯೆ ಇದ್ದರೆ ಡ್ರೈವರು ಇಲ್ಲವೆಂದೂ, ೧೦ ಇದ್ದರೆ ಸಾಧನವು ಆರಂಭವಾಗಲಾರದೆಂದೂ ತಿಳಿಯಬೇಕು. ಎರಡನೆಯ ಸಂಗತಿಯಲ್ಲಿ ಮೊದಲು ಹಳೆಯ ಡ್ರೈವರನ್ನು ತೆಗೆದು ತಕ್ಕದ್ದನ್ನು ಹಾಕಿ ನೋಡುವುದು ಯೋಗ್ಯ.

ತಕ್ಕ ಡ್ರೈವರು ಯಾವುದು? ಡಬ್ಬಿಯ ಮೇಲಿನ ಹೆಸರನ್ನು ಮಾತ್ರ ನಂಬಬಾರದು. ಕಾರ್ಡನ್ನು ಮಾರುವ ಕಂಪೆನಿಯು ಒಂದು, ಅದರ ಚಿಪ್ಪನ್ನು ಮಾಡಿದ ಕಂಪೆನಿಯು ಇನ್ನೊಂದು ಆಗಿರುವುದುಂಟು. ಒಂದೇ ಹೆಸರಿನ ಕಾರ್ಡಿನ ಮೊದಲನೆಯ ಆವೃತ್ತಿಗೂ ಎರಡನೆಯ ಆವೃತ್ತಿಗೂ ಬೇರೆ ಬೇರೆ ಚಿಪ್ಪುಗಳಿರುವುದೂ ಉಂಟು. ಡಿವೈಸ್ ಮ್ಯಾನೇಜರಿನಲ್ಲಿ ಆ ಸಾಧನದ ವಿವರಗಳೊಳಗೆ ಹಾರ್ಡ್‌ವೇರ್ ಐ.ಡಿ. ಎಂಬುದನ್ನು ತೆಗೆದು ನೋಡಿದರೆ, ವಿ.ಇ.ಎನ್. ಎಂಬ ಮೂರು ಅಕ್ಷರಗಳ ಮುಂದೆ ನಾಲ್ಕು ಗುರುತುಗಳು ಕಾಣುವವು. ೮೦೮೬ ಎಂದರೆ ಇಂಟೆಲ್, ೧೦ಇಸಿ ಎಂದರೆ ರಿಯಲ್‌ಟೆಕ್, ೧೪ಇ೪ ಎಂದರೆ ಬ್ರಾಡ್‌ಕಾಮ್, ೧೬೮ಸಿ ಎಂದರೆ ಅಥೆರಾಸ್. ಇದು ಕಾರ್ಡಿನ ಕುಲನಾಮ. ಡಬ್ಬಿ ಕಳೆದರೂ ಇದು ಕಳೆಯುವುದಿಲ್ಲ.

ಯಂತ್ರದ ಕಾರ್ಯವ್ಯವಸ್ಥೆಗೂ ಡ್ರೈವರಿಗೂ ಹೊಂದಿಕೆ ಬೇಕು. ವಿಂಡೋಸ್ ೭ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲವು ೨೦೨೦ರ ಜನವರಿ ೧೪ರಂದು ಮುಗಿಯಿತು. ಮೇಲೆ ಹೇಳಿದ ಎ.ಎಕ್ಸ್. ೨೦೦ಕ್ಕೆ ಇಂಟೆಲ್ ಕಂಪೆನಿಯು ಅದರ ಡ್ರೈವರನ್ನು ಕೊಟ್ಟಿಲ್ಲ. ವಿಂಡೋಸ್ ೧೦ರ ಸಾಮಾನ್ಯ ಬೆಂಬಲವೂ ೨೦೨೫ರ ಅಕ್ಟೋಬರ್ ೧೪ರಂದು ಮುಗಿದಿದೆ. ಲಿನಕ್ಸ್ ಹಾಕಿದ ಯಂತ್ರಗಳಲ್ಲಿ ಅನೇಕ ಕಾರ್ಡುಗಳ ಡ್ರೈವರು ಕರ್ನೆಲ್ ಎಂಬ ಮೂಲಭಾಗದೊಳಗೇ ಇರುವುದು, ಆದರೆ ಎ.ಎಕ್ಸ್. ೨೧೦ಕ್ಕೆ ಕರ್ನೆಲ್ ೫.೧೦ ಅಥವಾ ಅದಕ್ಕೆ ಮುಂದಿನದು ಬೇಕು.

ಅಂತರ್ಜಾಲವಿಲ್ಲದೆ ಡ್ರೈವರನ್ನು ತರುವುದು ಹೇಗೆಂದು ಕೇಳಬಹುದು. ಬೇರೊಂದು ಯಂತ್ರದಲ್ಲಿ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ತರಬಹುದು. ಅಥವಾ ಫೋನನ್ನು ಯು.ಎಸ್.ಬಿ. ತಂತಿಯಿಂದ ಜೋಡಿಸಿ, ಅದರ ಅಂತರ್ಜಾಲವನ್ನು ಅರ್ಧ ಗಂಟೆಯ ಮಟ್ಟಿಗೆ ಯಂತ್ರಕ್ಕೆ ಎರವಲು ಕೊಡಬಹುದು.

೪. ಕಾರ್ಡು ರೌಟರಿನೊಡನೆ ಸೇರುತ್ತದೋ?

ಹಳದಿ ಗುರುತು ಮಾಯವಾಗಿಯೂ ಮನೆಯ ವೈಫೈ ಹೆಸರು ಕಾಣದಿದ್ದರೆ, ಮೊದಲು ಆಂಟೆನಾಗಳನ್ನು ತಿರುಗಿಸಿ ಬಿಗಿಮಾಡಿದ್ದೇವೋ ಎಂದು ನೋಡಬೇಕು. ಕಾರ್ಡು ಲೋಹದ ಪೆಟ್ಟಿಗೆಯ ಹಿಂಬದಿಯಲ್ಲಿ, ಗೋಡೆಗೆ ಮುಖಮಾಡಿ ಇರುವುದರಿಂದ ಅಲೆಗಳು ದುರ್ಬಲವಾಗುತ್ತವೆ. ಪೆಟ್ಟಿಗೆಯನ್ನು ಸ್ವಲ್ಪ ತಿರುಗಿಸಿದರೆ ಗುಣ ಕಾಣುವುದು. ಯು.ಎಸ್.ಬಿ. ೩.೦ ಡಿಸ್ಕು ಆಂಟೆನಾದ ಹತ್ತಿರವಿದ್ದರೆ ೨.೪ ಗಿಗಾಹರ್ಟ್ಸ್ ಪಟ್ಟಿಯ ಅಲೆಗಳಿಗೆ ಅಡ್ಡಿಯಾಗುವುದೆಂದು ಇಂಟೆಲ್ ಕಂಪೆನಿಯೇ ೨೦೧೨ರಲ್ಲಿ ಪ್ರಕಟಿಸಿತು. ಅಂಥದನ್ನು ದೂರವಿಡಬೇಕು.

ಎರಡನೆಯದಾಗಿ, ಅಗ್ಗದ ಕಾರ್ಡುಗಳಲ್ಲಿ ಕೆಲವು ೨.೪ ಗಿಗಾಹರ್ಟ್ಸ್ ಪಟ್ಟಿಯನ್ನು ಮಾತ್ರ ಕೇಳಬಲ್ಲವು. ರೌಟರು ೫ ಗಿಗಾಹರ್ಟ್ಸಿನಲ್ಲಿ ಮಾತ್ರ ಮಾತಾಡುತ್ತಿದ್ದರೆ ಇವುಗಳಿಗೆ ಅದು ಕೇಳಿಸದು, ರೌಟರಿನಲ್ಲಿ ೨.೪ನ್ನೂ ತೆರೆಯಬೇಕು. ಮೂರನೆಯದಾಗಿ, ಹೆಸರು ಕಂಡು, ಗುಪ್ತಪದವು ಸರಿಯಾಗಿದ್ದೂ ಸೇರಿಕೆ ಆಗದಿದ್ದರೆ, ೨೦೧೮ರಲ್ಲಿ ಬಂದ ಡಬ್ಲ್ಯು.ಪಿ.ಎ. ೩ ಎಂಬ ಭದ್ರತೆಯು ಹಳೆಯ ಕಾರ್ಡಿಗೆ ತಿಳಿಯದೆ ಇರಬಹುದು. ರೌಟರಿನಲ್ಲಿ ೨ ಮತ್ತು ೩ ಎರಡನ್ನೂ ಒಪ್ಪುವ ಮಿಶ್ರ ಕ್ರಮವನ್ನು ಆರಿಸಿದರೆ ಸಾಕು. ಭದ್ರತೆಯನ್ನೇ ತೆಗೆದುಹಾಕುವುದು ಸರ್ವಥಾ ಕೂಡದು.

ವೈಫೈ ನಡೆದು ಬ್ಲೂಟೂತ್ ಮಾತ್ರ ನಡೆಯದಿದ್ದರೆ, ಕಾರ್ಡಿನೊಡನೆ ಬಂದ ಸಣ್ಣ ತಂತಿಯನ್ನು ಹುಡುಕಿರಿ. ಅದನ್ನು ಬೋರ್ಡಿನ ಒಂಬತ್ತು ಮುಳ್ಳುಗಳ ಯು.ಎಸ್.ಬಿ. ಜೋಡಣೆಗೆ ಸೇರಿಸಬೇಕು. ಬ್ಲೂಟೂತಿನ ದಾರಿಯು ಸ್ಲಾಟಿನ ಮೂಲಕ ಹೋಗದೆ ಆ ತಂತಿಯ ಮೂಲಕವೇ ಹೋಗುವುದು.

ಕೊಳ್ಳುವ ಮುಂಚೆ

ಅಂಗಡಿಗೆ ಹೋಗುವ ಮುಂಚೆ ಬೋರ್ಡಿನ ಹೆಸರನ್ನೂ ಖಾಲಿಯಿರುವ ಸ್ಲಾಟನ್ನೂ, ಪೆಟ್ಟಿಗೆಯ ಎತ್ತರವನ್ನೂ, ಕಾರ್ಯವ್ಯವಸ್ಥೆಯ ಹೆಸರನ್ನೂ, ರೌಟರಿನ ಪಟ್ಟಿಗಳನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡರೆ, ಮೇಲೆ ಹೇಳಿದ ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟುವುದೇ ಇಲ್ಲ. ಹೊಂದದಿದ್ದರೆ ಬದಲಾಯಿಸಿ ಕೊಡುವರೋ ಎಂಬುದನ್ನು ಹಣ ಕೊಡುವ ಮೊದಲೇ ಕೇಳಿರಿ. ಸ್ಲಾಟು ಇಲ್ಲದಿದ್ದರೆ ಹೊರಗಿನಿಂದ ಚುಚ್ಚುವ ಯು.ಎಸ್.ಬಿ. ವೈಫೈ ಸಾಧನವೂ ಉಂಟು. ಅದಕ್ಕೂ ಮೂರನೆಯ ಮತ್ತು ನಾಲ್ಕನೆಯ ಪ್ರಶ್ನೆಗಳು ಇದ್ದೇ ಇವೆ.

ಪರೀಕ್ಷಿಸುವಾಗ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಫಲವನ್ನು ನೋಟ್‌ಬುಕ್ಕಿನಲ್ಲಿ ಬರೆಯತಕ್ಕದ್ದು. ಮೂರು ಬದಲಾವಣೆಗಳನ್ನು ಒಟ್ಟಿಗೆ ಮಾಡಿದವರಿಗೆ ಯಂತ್ರವು ಸರಿಯಾದರೂ ಕಾರಣವು ತಿಳಿಯದು, ಮುಂದಿನ ಸಲ ಅವರು ಮತ್ತೊಬ್ಬರನ್ನೇ ಕರೆಯಬೇಕಾಗುವುದು.

ಪೋಷಕರಲ್ಲಿ ನಮ್ಮ ವಿಜ್ಞಾಪನೆ ಒಂದುಂಟು. ಯಂತ್ರದ ಪೆಟ್ಟಿಗೆಯನ್ನು ಬಿಚ್ಚುವಾಗ ಮಗನನ್ನು ಕರೆದು ಮಗಳನ್ನು ದೂರ ನಿಲ್ಲಿಸುವ ರೂಢಿಯು ಇನ್ನೂ ಅನೇಕ ಮನೆಗಳಲ್ಲಿದೆ. ಈ ಕೆಲಸಕ್ಕೆ ಬೇಕಾದದ್ದು ತೋಳ್ಬಲವಲ್ಲ. ಒಂದು ಸ್ಕ್ರೂಡ್ರೈವರು, ತಾಳ್ಮೆ, ಓದುವ ಅಭ್ಯಾಸ ಇಷ್ಟೇ. ಪ್ಲಗ್ಗನ್ನು ಕಿತ್ತಿದ್ದಾಳೆಂದು ನೀವು ನೋಡಿಕೊಂಡು ಪಕ್ಕದಲ್ಲಿ ಕುಳಿತಿರಿ. ನಾಲ್ಕು ಪ್ರಶ್ನೆಗಳನ್ನು ಅವಳೇ ಕೇಳಲಿ, ಉತ್ತರವನ್ನು ಅವಳೇ ಬರೆಯಲಿ. ಈಗ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ತಮ್ಮ ಮನೆಗಳಲ್ಲಿ ಇದನ್ನು ಆರಂಭಿಸಿದರೆ, ಮುಸುಕಿನೊಳಗಿರುವ ಎಷ್ಟೋ ಯಂತ್ರಗಳು ತಿರಿಗಿ ಉಪಯೋಗಕ್ಕೆ ಬರುವವು. ಅವುಗಳ ಮುಂದೆ ಕುಳಿತು ಓದುವ ಬಾಲಕಿಯರು, ತೀರ್ಪು ಹೇಳುವ ಮೊದಲು ವಿಚಾರಿಸಬೇಕೆಂಬ ಪಾಠವನ್ನು ಕೈಯಿಂದಲೇ ಕಲಿತವರಾಗುವರು.