ಸೂಜಿಗೂ ಮುಂಚೆ ಕೇಳಿಕೊಂಡ ಪ್ರಶ್ನೆಗಳು

ನನ್ನ ಕಾಯಿಲೆಗೆ ಎಂಡೊಮೆಟ್ರಿಯೋಸಿಸ್ ಎಂಬ ಹೆಸರು ಸಿಗುವ ಹೊತ್ತಿಗೆ ಓದು ಮುಗಿದು, ಕೆಲಸ ಸೇರಿ, ಮದುವೆಯೂ ಆಗಿತ್ತು. ಅಲ್ಲಿವರೆಗೆ "ಮುಟ್ಟಿನ ನೋವು ಎಲ್ರಿಗೂ ಇರೋದೇ" ಎಂಬ ಸಮಾಧಾನವೇ ಸಿಕ್ಕಿದ್ದು. ಗರ್ಭಕೋಶದ ಒಳಪದರದಂಥ ಅಂಗಾಂಶ ಅಂಡಾಶಯದ ಮೇಲೋ ಕರುಳಿನ ಹತ್ತಿರವೋ ಬೆಳೆದು, ಈಸ್ಟ್ರೋಜನ್ ಹಾರ್ಮೋನಿಗೆ ಕೆರಳುವ ಕಾಯಿಲೆ ಇದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಜಗತ್ತಿನ ಸುಮಾರು 19 ಕೋಟಿ ಹೆಣ್ಣುಮಕ್ಕಳಿಗಿದೆ.

ಡೈನೋಜೆಸ್ಟ್ ಮಾತ್ರೆಗೆ ನೋವು ಬಗ್ಗದಿದ್ದಾಗ ಬಸವೇಶ್ವರನಗರದ ಡಾಕ್ಟರಮ್ಮ ಲ್ಯೂಪ್ರೊಲೈಡ್ ಇಂಜೆಕ್ಷನ್ ಬರೆದರು: 3.75 ಮಿಲಿಗ್ರಾಂ, ತಿಂಗಳಿಗೊಂದು, ಆರು ತಿಂಗಳು. ಮೆದುಳು ಅಂಡಾಶಯಕ್ಕೆ ಕಳಿಸುವ ಆಜ್ಞೆಯನ್ನೇ ತಡೆದು ಈಸ್ಟ್ರೋಜನ್ ಇಳಿಸುವ ಔಷಧಿ. ಅದನ್ನು ತೆಗೆದುಕೊಳ್ಳುವ ಮುಂಚೆ ಕೇಳಿ ತಿಳಿದದ್ದೇ ನನ್ನನ್ನು ಕಾಪಾಡಿತು.

"ನೋಡಮ್ಮ, ಮೊದಲ ಒಂದೆರಡು ವಾರ ನೋವು ಹೆಚ್ಚಾಗ್ಬಹುದು. ಗಾಬರಿ ಆಗ್ಬೇಡ" ಎಂದಿದ್ದರು. ಸೂಜಿ ಹಾಕಿಸಿಕೊಂಡ ಮೇಲೆ ಹಾರ್ಮೋನು ಒಮ್ಮೆ ಏರಿ ಆಮೇಲೆ ಇಳಿಯುತ್ತದೆ. ಹಾಗೇ ಆಯಿತು. ಗೊತ್ತಿದ್ದುದರಿಂದ ಧೈರ್ಯಗೆಡದೆ ಕಾದೆ. ಬರಬರುತ್ತಾ ನೋವು ಇಳಿಯಿತು, ಮುಟ್ಟೂ ನಿಂತಿತು.

ಈಸ್ಟ್ರೋಜನ್ ಇಳಿದರೆ ಮೂಳೆಯೂ ಸವೆಯುತ್ತದೆ. ಔಷಧಿ ಬಿಟ್ಟ ಮೇಲೆ ಬಹುಪಾಲು ಚೇತರಿಸಿಕೊಂಡರೂ ಪೂರ್ತಿ ಮರಳುವ ಖಾತರಿಯಿಲ್ಲ. ಹಾಗಾಗಿ ಸೂಜಿಗೆ ಮೊದಲೇ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಆಯಿತು. ಜೊತೆಗೆ ದಿನಕ್ಕೊಂದು 5 ಮಿಲಿಗ್ರಾಂ ನೊರೆಥಿಸ್ಟೆರಾನ್, ಕ್ಯಾಲ್ಸಿಯಂ, ವಿಟಮಿನ್ ಡಿ. ಇದರಲ್ಲಿ ನೋವು ಮರಳದಂತೆ ಮೂಳೆಯನ್ನು ಕಾಯುವ ನೊರೆಥಿಸ್ಟೆರಾನ್ ಮಾತ್ರೆಗೆ ಡಾಕ್ಟರುಗಳು 'ಆ್ಯಡ್-ಬ್ಯಾಕ್' ಎನ್ನುತ್ತಾರೆ. ಮುಟ್ಟು ನಿಂತಿದ್ದರೂ ಬಸಿರಾಗುವ ಸಾಧ್ಯತೆ ಇದ್ದೇ ಇರುತ್ತದೆ. ಹೊಟ್ಟೆಯಲ್ಲಿರುವ ಮಗುವಿಗೆ ಈ ಔಷಧಿ ಅಪಾಯ. ಹಾಗಾಗಿ ಸೂಜಿಗೆ ಮುಂಚೆ ಗರ್ಭಪರೀಕ್ಷೆ, ಆಮೇಲೆ ತಪ್ಪದೆ ಕಾಂಡೋಮ್.

ಈಸ್ಟ್ರೋಜನ್ ಇಳಿದದ್ದರಿಂದ ವಿಜಯನಗರದ ನಮ್ಮ ಮನೆಯಲ್ಲಿ ಜನವರಿಯ ಚಳಿಯಲ್ಲೂ ನಡುರಾತ್ರಿ ಎದೆಯಿಂದ ಕತ್ತಿಗೆ, ಕತ್ತಿನಿಂದ ಕೆನ್ನೆಗೆ ಬಿಸಿ ಹತ್ತುತ್ತಿತ್ತು. ನೈಟಿ ತೊಯ್ದು ಬೆನ್ನಿಗಂಟುತ್ತಿತ್ತು. ಅದಕ್ಕಿಂತ ಕಷ್ಟವಾದದ್ದು ಕಾರಣವಿಲ್ಲದೆ ಕುಸಿಯುವ ಮನಸ್ಸು. ಅದೂ ಔಷಧಿಯ ಪರಿಣಾಮ ಆಗಬಹುದೆಂದು ಗಂಡನಿಗೂ ಅತ್ತೆಗೂ ಮೊದಲೇ ಹೇಳಿಟ್ಟಿದ್ದೆ. ಸಾಯಬೇಕೆನಿಸಿದರೆ ಒಂದು ದಿನವೂ ಕಾಯದೆ ಡಾಕ್ಟರಿಗೆ ತಿಳಿಸಬೇಕು. ಸರ್ಕಾರದ ಟೆಲಿ ಮಾನಸ್ 14416 ಹಗಲೂ ರಾತ್ರಿ ಇದೆ.

ಇದೇ ನೋವಿಗೆ ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಪಡೆದ ಎಲಗೋಲಿಕ್ಸ್ ಮಾತ್ರೆಯಲ್ಲಿ ಹಾರ್ಮೋನಿನ ಆರಂಭದ ಆ ಏರಿಕೆ ಇಲ್ಲ. ಆದರೆ ಮೂಳೆಯ ಕಾರಣಕ್ಕೆ ಅದಕ್ಕೂ ಮಿತಿಯಿದೆ: ದಿನಕ್ಕೊಂದು 150 ಮಿಲಿಗ್ರಾಂ ಆದರೆ 24 ತಿಂಗಳು, ದಿನಕ್ಕೆರಡು 200 ಮಿಲಿಗ್ರಾಂ ಆದರೆ ಬರೀ ಆರು ತಿಂಗಳು.

ಲ್ಯೂಪ್ರೊಲೈಡ್ ನೋವನ್ನು ತಗ್ಗಿಸುತ್ತದೆ, ಕಾಯಿಲೆಯನ್ನು ಬೇರುಸಹಿತ ಕೀಳುವುದಿಲ್ಲ. ಹಾಗಾಗಿ ಅಕ್ಕತಂಗಿಯರೇ, ಇನ್ನೊಬ್ಬರ ಚೀಟಿ ತೋರಿಸಿ ಇದನ್ನು ಕೊಳ್ಳಬೇಡಿ. ಎಷ್ಟು ತಿಂಗಳು, ಮೂಳೆಗೇನು ಮಾಡಬೇಕು, ನಿಲ್ಲಿಸಿದ ಮೇಲೆ ಮುಂದೇನು ಎಂಬ ಮೂರಕ್ಕೂ ಉತ್ತರ ಸಿಕ್ಕ ಮೇಲೆಯೇ ಮೊದಲ ಸೂಜಿಗೆ ಒಪ್ಪಿಕೊಳ್ಳಿ.